ಪಕ್ಕದೂರಿನ ದೀಪ ನಮ್ಮದಕ್ಕಿಂತ ಚೆನ್ನಾಗಿರಬಾರದು: ಫಿಲಿಪೈನ್ಸ್‌ನಲ್ಲಿ ಒಂದು ಡಿಸೆಂಬರ್

ಬುಧವಾರ, ಮನಿಲಾ

ಫಿಲಿಪೈನ್ಸ್‌ಗೆ ಹೋಗುವವರು ಹೆಚ್ಚಾಗಿ ಸಮುದ್ರ ನೋಡಲು ಹೋಗುತ್ತಾರೆ. ನಾನು ಕರಾವಳಿಯವನು, ಸಮುದ್ರ ಮನೆ ಹಿಂದೆಯೇ ಇದೆ. ನನಗೆ ಬೇಕಿದ್ದದ್ದು ಪಂಪಾಂಗಾ ಪ್ರಾಂತ್ಯದ ದೀಪಗಳ ಸ್ಪರ್ಧೆ. ಕ್ರಿಸ್‌ಮಸ್‌ಗೆ ಮುಂಚಿನ ಒಂದು ಶನಿವಾರ ಸಾನ್ ಫರ್ನಾಂಡೊದಲ್ಲಿ ನಡೆಯುತ್ತದೆ. ನನ್ನ ಚಿಕ್ಕಪ್ಪನ ಮಗ ಮನಿಲಾದ ಮಕಾಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಆಫೀಸಿನ ಗೆಳೆಯ ಅದೇ ಊರಿನವನು. "ಅಣ್ಣಾ, ಈ ಸಲ ಅವರ ಬರಂಗಾಯ್‌ದೇ ಗೆಲ್ಲೋದಂತೆ, ಬಂದುಬಿಡು" ಎಂದು ಫೋನ್ ಮಾಡಿದ. ಬಂದೆ.

ಬರಂಗಾಯ್ ಅಂದರೆ ಅಲ್ಲಿನ ಆಡಳಿತದ ಅತಿ ಚಿಕ್ಕ ಘಟಕ. ಹಳ್ಳಿಯಲ್ಲಿ ಒಂದು ಗ್ರಾಮ, ಪೇಟೆಯಲ್ಲಿ ಒಂದು ವಾರ್ಡು ಅಂದುಕೊಳ್ಳಿ. ಇಡೀ ದೇಶದಲ್ಲಿ ಇಂಥವು 42 ಸಾವಿರಕ್ಕೂ ಜಾಸ್ತಿ ಇವೆ. ಪ್ರತಿಯೊಂದಕ್ಕೂ ಒಬ್ಬ ಚುನಾಯಿತ ಮುಖ್ಯಸ್ಥ, ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ಹೆಚ್ಚಿನವಕ್ಕೆ ಒಬ್ಬ ಸಂತನ ಹೆಸರಲ್ಲಿ ಜಾತ್ರೆ. ಮತ್ತೆ ಒಂದು ಬಾಸ್ಕೆಟ್‌ಬಾಲ್ ಅಂಗಳ. ಜಾತ್ರೆಯಾದರೂ ವರ್ಷಕ್ಕೊಮ್ಮೆ, ಅಂಗಳದಲ್ಲಿ ಮಾತ್ರ ದಿನವೂ ಜನ.

ವಿಮಾನ ನಿಲ್ದಾಣದಿಂದ ಮಕಾಟಿಗೆ ಬರುವಷ್ಟರಲ್ಲಿ ಟ್ರಾಫಿಕ್‌ನಲ್ಲಿ ಕುಳಿತು ನಾನು ನೋಡಿದ್ದು ಬರೀ ಬಾಸ್ಕೆಟ್‌ಬಾಲ್ ರಿಂಗುಗಳನ್ನು. ಕರೆಂಟ್ ಕಂಬಕ್ಕೆ ಹೊಡೆದದ್ದು, ತೆಂಗಿನ ಮರಕ್ಕೆ ಕಟ್ಟಿದ್ದು, ಗಲ್ಲಿಯ ಮಧ್ಯೆ ಚಕ್ರದ ಮೇಲೆ ನಿಲ್ಲಿಸಿದ್ದು. ಕಾರು ಬಂದರೆ ಹುಡುಗರು ಬೇಸರದಿಂದಲೇ ರಿಂಗನ್ನು ಪಕ್ಕಕ್ಕೆ ತಳ್ಳುತ್ತಾರೆ. ಫಿಲಿಪಿನೊ ಗಂಡಸರ ಸರಾಸರಿ ಎತ್ತರ ಐದೂವರೆ ಅಡಿಗಿಂತ ಕಡಿಮೆ. ಎತ್ತರ ಇದ್ದವರಿಗೇ ಲಾಭವಾಗುವ ಆಟವನ್ನು ಇವರು ಹೀಗೆ ಹಚ್ಚಿಕೊಂಡದ್ದು ಯಾಕೋ! 1910ರ ಸುಮಾರಿಗೆ ಅಮೆರಿಕನ್ನರು ಶಾಲೆಗಳಿಗೆ ತಂದ ಆಟ ಇದು. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವರಿಗೆ ಮೂರನೇ ಸ್ಥಾನ ಬಂತು. ಏಷ್ಯಾದ ಬೇರೆ ಯಾವ ದೇಶವೂ ಇಲ್ಲಿವರೆಗೆ ಅಷ್ಟು ಮೇಲೆ ಹೋಗಿಲ್ಲ. 2023ರ ವಿಶ್ವಕಪ್‌ನ ಮೊದಲ ದಿನ ಇವರ ತಂಡದ ಆಟ ನೋಡಲು 38,115 ಜನ ಬಂದಿದ್ದರು. ವಿಶ್ವಕಪ್‌ನ ಇತಿಹಾಸದಲ್ಲೇ ಅದು ದಾಖಲೆ. ಅವತ್ತು ಇವರೇ ಸೋತರು, ಅದು ಬೇರೆ ಮಾತು.

ಸಂಜೆ ತಮ್ಮನ ಮನೆ ಹತ್ತಿರದ ಅಂಗಳಕ್ಕೆ ಹೋದೆವು. ಮೇಲೆ ತಗಡಿನ ಚಾವಣಿ, ರಿಂಗಿನ ಹಿಂದಿನ ಹಲಗೆಯ ಮೇಲೆ ಯಾರೋ ರಾಜಕಾರಣಿಯ ಹೆಸರು. ಆಡುವವರಲ್ಲಿ ಅರ್ಧ ಜನರ ಕಾಲಲ್ಲಿ ಹವಾಯಿ ಚಪ್ಪಲಿ. ಒಬ್ಬನ ಚಪ್ಪಲಿ ಕಿತ್ತು ಹೋಯಿತು, ಅವನು ಬರಿಗಾಲಲ್ಲೇ ಮುಂದುವರಿಸಿದ. ಬೇಸಿಗೆಯಲ್ಲಿ ಬರಂಗಾಯ್ ಲೀಗ್ ನಡೆಯುವಾಗ ಪ್ರತಿ ತಂಡವೂ ಹೆಸರು, ನಂಬರ್ ಹಾಕಿದ ಜೆರ್ಸಿ ಹೊಲಿಸಿಕೊಳ್ಳುತ್ತದಂತೆ. ಉದ್ಘಾಟನೆಯ ಮೆರವಣಿಗೆಯಲ್ಲಿ ತಂಡದ ಮುಂದೆ ಶೃಂಗಾರ ಮಾಡಿಕೊಂಡ ಒಬ್ಬ ಹುಡುಗಿ ನಡೆಯುತ್ತಾಳೆ. ಅವಳಿಗೆ ಮ್ಯೂಸ್ ಎಂದು ಹೆಸರು. ಯಾವ ತಂಡದ ಮ್ಯೂಸ್ ಚೆಂದ ಅನ್ನುವುದಕ್ಕೂ ಬಹುಮಾನ ಉಂಟು. ಆಟ ಶುರುವಾಗುವ ಮೊದಲೇ ಒಂದು ಸ್ಪರ್ಧೆ ಮುಗಿದಿರುತ್ತದೆ, ಒಂದು ಜಗಳವೂ ಆಗಿರುತ್ತದೆ.

ಗುರುವಾರ, ಸಾಂಪಲೋಕ್

ತಮ್ಮ ಆಫೀಸಿಗೆ ಹೋದ. ನಾನು ಒಬ್ಬನೇ ಜೀಪ್ನಿ ಎಂಬ ಜೀಪಿನಂಥ ಸಣ್ಣ ಬಸ್ಸು ಹತ್ತಿ ಹಳೇ ಮನಿಲಾದ ಕಾಲೇಜುಗಳ ಪೇಟೆಗೆ ಹೋದೆ. ಒಂದರ ಪಕ್ಕ ಒಂದು ವಿಶ್ವವಿದ್ಯಾಲಯ, ನಡುವೆ ಜೆರಾಕ್ಸ್ ಅಂಗಡಿಗಳು, ಹಾಸ್ಟೆಲ್‌ಗಳು, ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಸೆಂಟರ್‌ಗಳು. ತಲೆ ಎತ್ತಿದರೆ ಬ್ಯಾನರ್. ನರ್ಸ್, ಎಂಜಿನಿಯರ್, ಅಕೌಂಟೆಂಟ್, ಟೀಚರ್, ಎಲ್ಲರಿಗೂ ಇಲ್ಲಿ ಸರ್ಕಾರದ ಲೈಸೆನ್ಸ್ ಪರೀಕ್ಷೆ ಇದೆ. ಪಾಸಾದವರ ಜೊತೆ ಮೊದಲ ಹತ್ತು ಸ್ಥಾನದವರ ಹೆಸರನ್ನೂ ಪ್ರಕಟಿಸುತ್ತಾರೆ. ಅವರನ್ನು ಟಾಪ್‌ನಾಚರ್ ಅನ್ನುತ್ತಾರೆ. ಆ ಹೆಸರು ಸಿಕ್ಕ ಕೂಡಲೇ ಕಾಲೇಜಿನವರು ಒಂದು ಬ್ಯಾನರ್, ಕೋಚಿಂಗಿನವರು ಇನ್ನೊಂದು ಬ್ಯಾನರ್. ಒಬ್ಬಳೇ ಹುಡುಗಿ ರಸ್ತೆಯ ಈ ಬದಿಯಲ್ಲೂ ಆ ಬದಿಯಲ್ಲೂ ನಗುತ್ತಿದ್ದಳು. ಇಬ್ಬರೂ ಅವಳನ್ನು ತಮ್ಮವಳು ಅನ್ನುತ್ತಿದ್ದರು.

ಇಷ್ಟು ನಮ್ಮಲ್ಲೂ ಇದೆ ಬಿಡಿ. ಆದರೆ ಅಲ್ಲಿ ಮನೆಯವರೂ ಬ್ಯಾನರ್ ಕಟ್ಟುತ್ತಾರೆ. ರ‍್ಯಾಂಕ್ ಬೇಕೆಂದೇನಿಲ್ಲ, ಪಾಸಾದರೆ ಸಾಕು. ಗೇಟಿನ ಮೇಲೆ ಮಗನ ಫೋಟೊ, ಹೆಸರಿನ ಮುಂದೆ ಎಂಜಿನಿಯರ್ ಎಂದು ದೊಡ್ಡಕ್ಷರ. ಮುಂದೆ ಸಾನ್ ಫರ್ನಾಂಡೊದ ಒಂದೇ ಬೀದಿಯಲ್ಲಿ ನರ್ಸ್ ಮಗಳ ಬ್ಯಾನರಿಗೆ ಎದುರಾಗಿ ಪೊಲೀಸ್ ಮಗನ ಬ್ಯಾನರ್ ನೋಡಿದೆ. ಎರಡನೆಯದು ಸ್ವಲ್ಪ ಅಗಲ ಜಾಸ್ತಿಯೇ ಇತ್ತು.

ಟಾಪ್‌ನಾಚರ್ ಪಟ್ಟಿಯಲ್ಲಿ ಹೆಚ್ಚು ಚರ್ಚೆಯಾಗುವ ಹೆಸರು ಫರ್ಡಿನಾಂಡ್ ಮಾರ್ಕೋಸ್. 1939ರ ವಕೀಲಿ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಆಗ ಅವನ ತಲೆ ಮೇಲೆ ಕೊಲೆ ಕೇಸ್ ಇತ್ತು! 1935ರ ಚುನಾವಣೆಯಲ್ಲಿ ಅವನ ಅಪ್ಪ ಮರಿಯಾನೊ ಮಾರ್ಕೋಸ್ ಹುಲಿಯೊ ನಲುಂದಾಸನ್ ಎಂಬವರ ಎದುರು ಸೋತ. ಗೆದ್ದವರ ಕಡೆಯವರು ಮಾರ್ಕೋಸ್ ಮನೆ ಮುಂದೆ ಶವಪೆಟ್ಟಿಗೆಯ ಮೆರವಣಿಗೆ ಮಾಡಿ ಕುಣಿದರು. ಸ್ವಲ್ಪ ದಿನದಲ್ಲೇ ಒಂದು ರಾತ್ರಿ ನಲುಂದಾಸನ್ ತಮ್ಮ ಮನೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಕತ್ತಲೆಯಿಂದ ಗುಂಡು ಬಿತ್ತು. ಮಗ ಮಾರ್ಕೋಸ್ ಕಾಲೇಜಿನ ರೈಫಲ್ ತಂಡದಲ್ಲಿದ್ದ. ಕೆಳಗಿನ ಕೋರ್ಟ್ ಶಿಕ್ಷೆ ಕೊಟ್ಟಿತು, 1940ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 1965ರಲ್ಲಿ ಅಧ್ಯಕ್ಷನಾದ ಅವನು 1986ರಲ್ಲಿ ದೇಶ ಬಿಟ್ಟು ಓಡುವವರೆಗೂ ಕುರ್ಚಿ ಬಿಡಲಿಲ್ಲ. ಅವನ ಮಗ 2022ರಲ್ಲಿ ಅಧ್ಯಕ್ಷನಾದ.

ಮನೆತನಗಳ ನಡುವಿನ ಈ ಹಗೆ ಹಳೆಯ ಕಥೆಯೂ ಅಲ್ಲ. 2009ರ ನವೆಂಬರ್ 23ರಂದು ಮಗಿಂದನಾವೊ ಪ್ರಾಂತ್ಯದಲ್ಲಿ ಒಬ್ಬ ಅಭ್ಯರ್ಥಿಯ ನಾಮಪತ್ರ ಸಲ್ಲಿಸಲು ಹೊರಟಿದ್ದವರನ್ನು ಎದುರಾಳಿ ಮನೆತನದವರು ದಾರಿಯಲ್ಲೇ ತಡೆದು 58 ಜನರನ್ನು ಕೊಂದರು. ಅವರಲ್ಲಿ 32 ಮಂದಿ ಪತ್ರಕರ್ತರು. ಫಿಲಿಪಿನೊಗಳ ಪೈಪೋಟಿಯನ್ನು ಬರೀ ಹಾಡು, ಕುಣಿತ, ದೀಪ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅದಕ್ಕೇ ಇದನ್ನೂ ಬರೆದೆ.

ಶುಕ್ರವಾರ, ಕುಬಾವ್

ಕುಬಾವ್‌ನಲ್ಲಿ ಅರನೆಟಾ ಕೊಲಿಸಿಯಂ ಎಂಬ ಒಳಾಂಗಣ ಕ್ರೀಡಾಂಗಣ ಇದೆ. 1975ರ ಅಕ್ಟೋಬರ್ 1ರಂದು ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರನೇ ಸಲ ಗುದ್ದಾಡಿದ್ದು ಇಲ್ಲೇ. 14 ಸುತ್ತಿನ ನಂತರ ಫ್ರೇಜಿಯರ್‌ಗೆ ಕಣ್ಣೇ ಕಾಣಿಸುತ್ತಿರಲಿಲ್ಲ, ಅವನ ತರಬೇತುದಾರನೇ ಸಾಕು ಅಂದ. ಮರುವರ್ಷ ಪಕ್ಕದಲ್ಲಿ ಒಂದು ಮಾಲ್ ಕಟ್ಟಿ ಅದಕ್ಕೆ ಅಲಿ ಮಾಲ್ ಎಂದು ಹೆಸರಿಟ್ಟರು. ಸೋತ ಫ್ರೇಜಿಯರ್ ಹೆಸರಲ್ಲಿ ಏನೂ ಇಲ್ಲ, ಪಾಪ.

ಅದೇ 1975ರಲ್ಲಿ ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು, ಪಿಬಿಎ. ಇದರ ಸ್ವಾರಸ್ಯ ಏನೆಂದರೆ ಯಾವ ತಂಡಕ್ಕೂ ಊರಿಲ್ಲ. ತಂಡಗಳಿಗೆ ಕಂಪನಿಗಳ, ಅವುಗಳ ಸರಕುಗಳ ಹೆಸರು. ಬೀರು, ಜಿನ್ನು, ಪೇಂಟು. ಮೊದಲ ಎಂಟೊಂಬತ್ತು ವರ್ಷ ದೇಶ ಎರಡು ಹೋಳಾಗಿತ್ತು: ಬಟ್ಟೆ ಕಂಪನಿಯ ಕ್ರಿಸ್ಪಾ ಒಂದು ಕಡೆ, ಕಾರು ಕಂಪನಿಯ ಟೊಯೋಟಾ ಇನ್ನೊಂದು ಕಡೆ. ಗಂಡ ಕ್ರಿಸ್ಪಾ, ಹೆಂಡತಿ ಟೊಯೋಟಾ ಆದರೆ ಅವತ್ತು ರಾತ್ರಿ ಮನೆಯಲ್ಲಿ ಮಾತಿಲ್ಲ. 1977ರಲ್ಲಿ ಪಂದ್ಯ ಮುಗಿದ ಮೇಲೆ ಆಟಗಾರರು ಎಷ್ಟು ಹೊಡೆದಾಡಿದರೆಂದರೆ ಎರಡೂ ತಂಡದವರನ್ನು ಒಯ್ದು ಫೋರ್ಟ್ ಬೊನಿಫಾಸಿಯೊ ಸೇನಾ ಶಿಬಿರದಲ್ಲಿ ಕೂಡಿಹಾಕಿದರು. ಆಗ ಮಾರ್ಕೋಸ್ ಹೇರಿದ್ದ ಮಿಲಿಟರಿ ಕಾನೂನಿನ ಕಾಲ, ಹೊರಗೆ ಜನ ಉಸಿರೆತ್ತಲು ಹೆದರುತ್ತಿದ್ದರು. ಒಳಾಂಗಣದಲ್ಲಿ ಮಾತ್ರ ಮನಸ್ಸಿಗೆ ಬಂದಂತೆ ಕೂಗಬಹುದಿತ್ತು. ಆ ಪೈಪೋಟಿ ಅಷ್ಟು ಬಿಸಿಯಾಗಿದ್ದದ್ದು ಇದಕ್ಕೂ ಇರಬಹುದು ಅಂತ ನನ್ನ ಊಹೆ.

ಟೊಯೋಟಾದ ರಾಬರ್ಟ್ ಜವೋರ್ಸ್ಕಿ ಮುಂದೆ ಹಿನೆಬ್ರಾ ತಂಡಕ್ಕೆ ಹೋದ. ಅದು ಜಿನ್ ತಯಾರಕರ ತಂಡ. 1985ರ ಒಂದು ಪಂದ್ಯದಲ್ಲಿ ಮೊಣಕೈ ಬಡಿದು ತುಟಿ ಸೀಳಿತು. ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು, ಪಂದ್ಯ ಮುಗಿಯುವ ಮೊದಲೇ ವಾಪಸ್ ಬಂದು ತಂಡವನ್ನು ಗೆಲ್ಲಿಸಿದ. ಅಂದಿನಿಂದ ಬಡವರು, ಜೀಪ್ನಿ ಚಾಲಕರು, ಮೀನು ಮಾರುವವರು ಎಲ್ಲ ಹಿನೆಬ್ರಾದವರೇ. 1998ರಲ್ಲಿ ಜನ ಅವನನ್ನು ಸೆನೆಟ್‌ಗೂ ಕಳಿಸಿದರು.

ಸಂಜೆ ಹಿನೆಬ್ರಾ ಪಂದ್ಯಕ್ಕೆ ಟಿಕೆಟ್ ಸಿಕ್ಕಿತು, ಮೇಲಿನ ಸಾಲಿನದು. ತಮ್ಮ ಮತ್ತು ಅವನ ಗೆಳೆಯ ಆಫೀಸಿನಿಂದ ಅಲ್ಲಿಗೇ ಬಂದರು. ಈ ಗೆಳೆಯ ನಮಗಿಂತ ದೊಡ್ಡವನು, ಹಾಗಾಗಿ ಇಬ್ಬರಿಗೂ ಕುಯಾ. ಅಲ್ಲಿ ಅಣ್ಣನನ್ನು ಹಾಗೆ ಕರೆಯುತ್ತಾರೆ, ಹೆಸರು ಹಿಡಿದು ಕರೆಯುವುದಿಲ್ಲ. ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಎದುರಾಳಿ ಚೆಂಡು ಮುಟ್ಟಿದಾಗೆಲ್ಲ ಬೀಸಣಿಗೆಯಿಂದ ರೇಲಿಂಗಿಗೆ ಹೊಡೆಯುತ್ತಿದ್ದರು. ಅವರ ಮೊಮ್ಮಗ ಎದುರಾಳಿ ತಂಡದ ಜೆರ್ಸಿಯಲ್ಲೇ ಅವರ ಪಕ್ಕ ಕೂತಿದ್ದ. ಅರ್ಧ ಸಮಯದಲ್ಲಿ ಅಜ್ಜಿ ಅವನಿಗೆ ಜೋಳ ಕೊಡಿಸಿದರು, ಆಟ ಶುರುವಾದ ಮೇಲೆ ಅವನತ್ತ ತಿರುಗಿ ನೋಡಲಿಲ್ಲ.

"ಕುಯಾ, ಹಿನೆಬ್ರಾದ ದೊಡ್ಡ ವೈರಿ ಯಾರು?" ಎಂದು ಕೇಳಿದೆ. "ಮ್ಯಾಗ್ನೋಲಿಯಾ" ಅಂದ. ಕ್ರಿಸ್‌ಮಸ್ ದಿನ ಇವರಿಬ್ಬರ ಪಂದ್ಯ ಇಡುವುದು ಈಚೆಗೆ ರೂಢಿಯೇ ಆಗಿದೆ. ಆದರೆ ಹಿನೆಬ್ರಾ, ಮ್ಯಾಗ್ನೋಲಿಯಾ ಎರಡೂ ಸಾನ್ ಮಿಗೆಲ್ ಎಂಬ ಒಂದೇ ಕಂಪನಿಯವು. ಅದರದೇ ಮೂರನೇ ತಂಡವೂ ಲೀಗ್‌ನಲ್ಲಿದೆ. ಯಾರು ಗೆದ್ದರೂ ಯಜಮಾನ ಒಬ್ಬನೇ ಅಲ್ವಾ ಅಂದೆ. ಕುಯಾ ನನ್ನನ್ನು ನೋಡಿದ ರೀತಿಯಲ್ಲೇ ಆ ಮಾತು ಅಲ್ಲಿ ಆಡಬಾರದ್ದು ಎಂದು ಗೊತ್ತಾಯಿತು.

ಶನಿವಾರ, ಸಾನ್ ಫರ್ನಾಂಡೊ

ಕುಬಾವ್‌ನಿಂದ ಬೆಳಗಿನ ಬಸ್ಸು. ಮನಿಲಾದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್. ದಾರಿಯಲ್ಲಿ ಕುಯಾ ತನ್ನವರನ್ನೇ ಬೈಯಲು ಶುರು ಮಾಡಿದ. "ನಾವು ಏಡಿಗಳು. ಒಬ್ಬ ಬುಟ್ಟಿ ಹತ್ತಿದರೆ ಉಳಿದವರು ಕಾಲು ಹಿಡಿದು ಎಳೀತೀವಿ. ಅದಕ್ಕೇ ನಮ್ಮ ದೇಶ ಹೀಗಿದೆ." ತಮ್ಮನಿಗೂ ನನಗೂ ನಗು ತಡೆಯಲಾಗಲಿಲ್ಲ. ಕನ್ನಡಿಗರ ಏಡಿ ಬುಟ್ಟಿಗೆ ಮುಚ್ಚಳ ಬೇಡ ಅನ್ನುವ ಜೋಕನ್ನು ನಾವು ಸಣ್ಣವರಿದ್ದಾಗಿನಿಂದ ಭಾಷಣಗಳಲ್ಲಿ ಕೇಳಿದ್ದೇವೆ. ಅದನ್ನು ಹೇಳಿದೆವು. ಕುಯಾಗೆ ಸ್ವಲ್ಪ ನಿರಾಸೆಯೇ ಆಯಿತು. ಏಡಿಯ ವಿಷಯದಲ್ಲೂ ತಮ್ಮ ದೇಶವೇ ಫಸ್ಟ್ ಎಂದುಕೊಂಡಿದ್ದ.

ಸಾನ್ ಫರ್ನಾಂಡೊದ ಪಕ್ಕ ಬಕೊಲೊರ್ ಎಂಬ ಊರು. ಮೊದಲು ಪಂಪಾಂಗಾದ ರಾಜಧಾನಿ ಅದೇ. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ರಾತ್ರಿ ಕೇರಿ ಕೇರಿಯವರು ಬಿದಿರು, ಕಾಗದದ ಸಣ್ಣ ದೀಪ ಹಿಡಿದು ಅಲ್ಲಿ ಮೆರವಣಿಗೆ ಮಾಡುತ್ತಿದ್ದರು. 1904ರಲ್ಲಿ ರಾಜಧಾನಿ ಸಾನ್ ಫರ್ನಾಂಡೊಗೆ ಬಂತು, ದೀಪವೂ ಹಿಂದೆಯೇ ಬಂತು. 1931ರಲ್ಲಿ ಅದಕ್ಕೆ ವಿದ್ಯುತ್ ಸೇರಿತು. ಬಕೊಲೊರ್‌ನ ಗತಿ ಬೇರೆಯಾಯಿತು. 1991ರಲ್ಲಿ ಪಿನಾತುಬೊ ಜ್ವಾಲಾಮುಖಿ ಸಿಡಿಯಿತು. 1995ರಲ್ಲಿ ಮಳೆಗೆ ಅದರ ಬೂದಿ ಕೆಸರಾಗಿ ಹರಿದು ಬಂದು ಊರನ್ನೇ ಹೂತುಹಾಕಿತು. ಅಲ್ಲಿನ ಸಾನ್ ಗಿಲ್ಲೆರ್ಮೊ ಚರ್ಚಿಗೆ ಈಗ ಹಳೆಯ ಕಿಟಕಿಗಳಿದ್ದ ಮಟ್ಟದಿಂದ ಒಳಗೆ ಹೋಗಬೇಕು. ಹಾದುಹೋಗುತ್ತಾ ಐದು ನಿಮಿಷ ಇಳಿದು ನೋಡಿ ಬಂದೆವು.

ಮಧ್ಯಾಹ್ನ ಕುಯಾ ತನ್ನ ಬರಂಗಾಯ್‌ನ ದೀಪದ ಅಂಗಳಕ್ಕೆ ಕರೆದೊಯ್ದ. ಸುತ್ತ ತಾಡಪಾಲು ಕಟ್ಟಿ ಮರೆ ಮಾಡಿದ್ದರು. ಬಾಗಿಲಲ್ಲಿ ಒಬ್ಬ ಹುಡುಗ ನಿಂತು "ಇವರು ಯಾವ ಬರಂಗಾಯ್?" ಎಂದು ನಮ್ಮಿಬ್ಬರನ್ನು ತೋರಿಸಿ ಕೇಳಿದ. ಇಂಡಿಯಾ ಅಂದ ಮೇಲೆ ಬಿಟ್ಟ.

ಒಳಗಿದ್ದದ್ದು ಸುಮಾರು 20 ಅಡಿ ಎತ್ತರದ ನಕ್ಷತ್ರ. ಕಬ್ಬಿಣದ ಚೌಕಟ್ಟು, ಅದಕ್ಕೆ ಬಣ್ಣ ಬಣ್ಣದ ಪ್ಲಾಸ್ಟಿಕ್ಕು, ಪ್ರತಿ ಸಣ್ಣ ಮನೆಯ ಹಿಂದೆ ಒಂದು ಬಲ್ಬು. ಹೀಗೆ ಸಾವಿರಾರು ಬಲ್ಬುಗಳು. ಮುಂಭಾಗವನ್ನು ಯಾರು ಬೇಕಾದರೂ ಫೋಟೊ ತೆಗೆಯಬಹುದು. ನಾನು ಹೊತ್ತು ಕಳೆದದ್ದು ಹಿಂಭಾಗದಲ್ಲಿ. ಲಾರಿಯ ಹಿಂಬದಿಯಲ್ಲಿ ಉದ್ದಕ್ಕೆ ಮಲಗಿಸಿದ ತಗಡಿನ ದೊಡ್ಡ ಡ್ರಮ್ಮುಗಳು. ರೋಟರ್ ಅನ್ನುತ್ತಾರೆ. ಡ್ರಮ್ಮಿನ ಮೈಯಲ್ಲಿ ಕರೆಂಟ್ ಹರಿಯುತ್ತದೆ. ಅದಕ್ಕೆ ತಾಗುವ ಹಾಗೆ ಸಾಲಾಗಿ ಹೇರ್‌ಪಿನ್‌ಗಳು, ಹೆಂಗಸರು ತಲೆಗೆ ಸಿಕ್ಕಿಸುವ ಅದೇ ಹೇರ್‌ಪಿನ್. ಒಂದೊಂದು ಪಿನ್ನಿನಿಂದ ಒಂದೊಂದು ಗುಂಪು ಬಲ್ಬಿಗೆ ವೈರು. ಡ್ರಮ್ ಮೇಲೆ ಅಲ್ಲಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿರುತ್ತಾರೆ. ಡ್ರಮ್ ತಿರುಗಿದಾಗ ಪಿನ್ನು ತಗಡಿಗೆ ತಾಗಿದರೆ ಬಲ್ಬ್ ಹತ್ತುತ್ತದೆ, ಟೇಪಿನ ಮೇಲೆ ಹೋದರೆ ಆರುತ್ತದೆ. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ಎದುರು ಕಾಣುವ ಕುಣಿತವೆಲ್ಲ ಟೇಪ್ ಎಲ್ಲಿ ಅಂಟಿಸಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಡ್ರಮ್ ತಿರುಗಿಸುವುದು ಕೈಯಲ್ಲಿ. ಹಾಡಿನ ತಾಳಕ್ಕೆ ಸರಿಯಾಗಿ ತಿರುಗಿಸಬೇಕು, ಅರ್ಧ ಸೆಕೆಂಡ್ ತಡವಾದರೆ ಹಾಡು ಒಂದು ಕಡೆ, ದೀಪ ಒಂದು ಕಡೆ.

ಟೇಪ್ ಅಂಟಿಸುತ್ತಿದ್ದ ಒಬ್ಬ ಮಾಮ ಮಂಡಿಯೂರಿ ಕೂತು, ಒಂದು ಪಟ್ಟಿ ಕಿತ್ತು ಬೆರಳಗಲ ಪಕ್ಕಕ್ಕೆ ಅಂಟಿಸಿದರು. ಹುಡುಗ ಡ್ರಮ್ ತಿರುಗಿಸಿದ. ಮಾಮ ತಲೆ ಅಲ್ಲಾಡಿಸಿದರು. ಮತ್ತೆ ಕಿತ್ತರು, ಮತ್ತೆ ಅಂಟಿಸಿದರು. ನಾವು ಊಟ ಮುಗಿಸಿ ಬಂದಾಗಲೂ ಅದೇ ಪಟ್ಟಿಯ ಮೇಲೇ ಕೂತಿದ್ದರು. ಸುತ್ತ ಹತ್ತಾರು ಜನ: ವೆಲ್ಡಿಂಗ್ ಮಾಡುವವರು, ಬಲ್ಬ್ ಬದಲಿಸುವವರು, ಜನರೇಟರ್ ನೋಡುವವರು, ಅಡುಗೆ ಮಾಡಿ ತಂದ ಹೆಂಗಸರು, ಸುಮ್ನೆ ಸಲಹೆ ಕೊಡುವವರು. ತಿಂಗಳುಗಟ್ಟಲೆ ನಡೆದ ಕೆಲಸ. "ಕುಯಾ, ಇಲ್ಲಿ ಏಡಿ ಎಲ್ಲಿ?" ಅಂದೆ. "ಏಡಿಗಳು ಆ ಬರಂಗಾಯ್‌ನಲ್ಲಿ" ಎಂದು ಪಶ್ಚಿಮಕ್ಕೆ ಕೈ ತೋರಿಸಿದ. ಎರಡು ಕಿಲೋಮೀಟರ್ ಆಚೆ ಅವನ ಹೆಂಡತಿಯ ತವರು.

ನನಗೆ ಅನ್ನಿಸಿದ್ದು ಇದು. ಇವರ ಪೈಪೋಟಿ ದೂರದವರ ಜೊತೆ ಅಲ್ಲ. ಅಮೆರಿಕಕ್ಕೋ ಜಪಾನ್‌ಗೋ ಸೋತರೆ ಬೇಸರಪಟ್ಟು ಮಲಗುತ್ತಾರೆ. ಪಕ್ಕದ ಬರಂಗಾಯ್‌ಗೆ ಸೋತರೆ ನಿದ್ದೆ ಬರುವುದಿಲ್ಲ. ಅದೇ ಹಾಡು, ಅದೇ ಹೇರ್‌ಪಿನ್, ಅದೇ ಟೇಪ್ ಇದ್ದವರ ಜೊತೆ ಸೋತರೆ ಹೇಳಿಕೊಳ್ಳಲು ನೆಪವೇ ಇರುವುದಿಲ್ಲ. ಮತ್ತೆ ಸೋಲಿಸಬೇಕಾದವರು ಪಕ್ಕದಲ್ಲೇ ಇರುವುದರಿಂದ ತಮ್ಮೊಳಗಿನ ಏಡಿಗಳೆಲ್ಲ ಕೆಲವು ತಿಂಗಳು ಒಟ್ಟಾಗಿ ಕೆಲಸ ಮಾಡುತ್ತವೆ.

ಸಂಜೆ ಮೈದಾನಕ್ಕೆ ಒಂದೊಂದೇ ದೀಪ ಲಾರಿಯಲ್ಲಿ ಬಂತು. ಈ ಸ್ಪರ್ಧೆಗೆ ಅವರ ಭಾಷೆಯಲ್ಲಿ ಲಿಗ್ಲಿಗನ್ ಪಾರುಲ್ ಎಂದು ಹೆಸರು. ಜನವೋ ಜನ. ಮೊದಲು ಪ್ರತಿ ಬರಂಗಾಯ್ ಒಂದೊಂದಾಗಿ ದೀಪ ಕುಣಿಸಬೇಕು. ಕತ್ತಲೆಯಲ್ಲಿ ನಕ್ಷತ್ರದ ನಡುವಿಂದ ಕೆಂಪು ಹೊರಟು ಅಂಚಿಗೆ ಹೋಗಿ ಹಸಿರಾಗಿ ವಾಪಸ್ ಬರುತ್ತದೆ, ಹೂವಾಗಿ ಅರಳುತ್ತದೆ, ಚಕ್ರವಾಗಿ ತಿರುಗುತ್ತದೆ. ಎಲ್ಲರೂ ಮುಂದೆ ನೋಡುತ್ತಿದ್ದರೆ ಕುಯಾ ಮಾತ್ರ ಕಣ್ಣು ಮುಚ್ಚಿ ಹಾಡನ್ನಷ್ಟೇ ಕೇಳುತ್ತಿದ್ದ. ನೋಡಲು ಧೈರ್ಯ ಇಲ್ಲ ಅಂದ. ಕೊನೆಗೆ ಎಲ್ಲ ದೀಪಗಳನ್ನೂ ಒಟ್ಟಿಗೆ ಕುಣಿಸಿದರು. ಆಗ ಯಾರದ್ದು ಯಾವುದು ಎಂದು ನನಗೆ ಗೊತ್ತಾಗಲಿಲ್ಲ, ಅವರಿಗೆಲ್ಲ ಚೆನ್ನಾಗಿ ಗೊತ್ತಾಗುತ್ತಿತ್ತು.

ಫಲಿತಾಂಶ ಬಂದಾಗ ರಾತ್ರಿ ಬಹಳ ಹೊತ್ತಾಗಿತ್ತು. ಕುಯಾನ ಬರಂಗಾಯ್‌ಗೆ ಎರಡನೇ ಸ್ಥಾನ. ಮೊದಲನೆಯದು ಹೆಂಡತಿಯ ತವರಿಗೆ. ಆಕೆ ಅಷ್ಟು ಹೊತ್ತು ಗಂಡನ ಕಡೆಯ ಟೀ ಷರ್ಟ್ ಹಾಕಿಕೊಂಡು ನಿಂತಿದ್ದವಳು ಒಂದೇ ಜಿಗಿತಕ್ಕೆ ಆ ಕಡೆಯ ಗುಂಪಲ್ಲಿದ್ದಳು. ಈ ಕಡೆ ತೀರ್ಪುಗಾರರ ಅಪ್ಪ ಅಜ್ಜಂದಿರ ವಿಚಾರ ಶುರುವಾಗಿತ್ತು. ಒಬ್ಬ ತೀರ್ಪುಗಾರನ ಅತ್ತಿಗೆ ಅವರ ಬರಂಗಾಯ್‌ನವಳಂತೆ. ಇನ್ನೊಬ್ಬನಿಗೆ ಕನ್ನಡಕ ಇತ್ತಂತೆ, ಹಾಕಿಕೊಂಡಿರಲಿಲ್ಲವಂತೆ.

ಭಾನುವಾರ, ಕುಯಾನ ಮನೆ

ಡಿಸೆಂಬರ್ 16ರಿಂದ ಒಂಬತ್ತು ದಿನ ಬೆಳಗಿನ ಜಾವ ನಾಲ್ಕಕ್ಕೇ ಪ್ರಾರ್ಥನೆ. ಮಲಗಿ ಎರಡು ತಾಸೂ ಆಗಿರಲಿಲ್ಲ, ಕುಯಾನ ಅಮ್ಮ ಎಬ್ಬಿಸಿದರು. ಚರ್ಚಿನ ಹೊರಗೆ ಕೆಂಡದ ಮೇಲೆ ಬೇಯಿಸಿದ ಅಕ್ಕಿಹಿಟ್ಟಿನ ಬಿಬಿಂಕಾ, ಮೇಲೆ ತೆಂಗಿನ ತುರಿ. ಅದಕ್ಕಾಗಿಯೇ ಎದ್ದು ಹೋಗಬಹುದು.

ಅಮ್ಮನಿಗೆ ನಾನು ಬೆಂಗಳೂರು ಗೊತ್ತಾ ಎಂದು ಕೇಳಿದೆ. "ಲಾರಾ ದತ್ತಾ!" ಅಂದರು. ನನಗೆ ಆಶ್ಚರ್ಯ. 2000ದಲ್ಲಿ ಮಿಸ್ ಯೂನಿವರ್ಸ್ ಆದ ಲಾರಾ ದತ್ತಾ ಬೆಳೆದದ್ದು ಬೆಂಗಳೂರಲ್ಲಿ ಅನ್ನುವುದು ನಮ್ಮಲ್ಲೇ ಅರ್ಧ ಜನಕ್ಕೆ ಮರೆತುಹೋಗಿದೆ. ಈ ದೇಶದಲ್ಲಿ ಸೌಂದರ್ಯ ಸ್ಪರ್ಧೆಯ ಅಂಕಪಟ್ಟಿ ಬಾಯಿಪಾಠ. ಇವರ ಮಿಸ್ ಯೂನಿವರ್ಸ್ ಕಿರೀಟಗಳು ನಾಲ್ಕು: 1969, 1973, 2015, 2018. ನಮ್ಮ ಸುಶ್ಮಿತಾ ಸೇನ್ ಗೆದ್ದದ್ದು 1994ರಲ್ಲಿ, ಇದೇ ಮನಿಲಾದಲ್ಲಿ. ಅವತ್ತು ಇವರ ಸ್ಪರ್ಧಿ ಶಾರ್ಲೀನ್ ಗೊನ್ಸಾಲೆಸ್ ಅವರನ್ನು ನಿಮ್ಮ ದೇಶದಲ್ಲಿ ಎಷ್ಟು ದ್ವೀಪಗಳಿವೆ ಎಂದು ಕೇಳಿದರೆ, "ಉಬ್ಬರದಲ್ಲೋ ಇಳಿತದಲ್ಲೋ?" ಎಂದು ಕೇಳಿದಳು. ಅಮ್ಮ ಅದನ್ನು ಎದ್ದು ನಿಂತು, ಸೊಂಟಕ್ಕೆ ಕೈ ಇಟ್ಟು ಅಭಿನಯಿಸಿ ತೋರಿಸಿದರು. "ನಿಮ್ಮ ಹುಡುಗಿ ಚೆನ್ನಾಗಿದ್ದಳು, ಆದರೆ ನಮ್ಮವಳು..." ಎಂದು ನಿಲ್ಲಿಸಿದರು. ಅತಿಥಿ ಎದುರು ಪೂರ್ತಿ ಹೇಳಬಾರದಲ್ಲ.

ಮಧ್ಯಾಹ್ನ ಕೋಳಿ ಕಟ್ಟೆಗೆ. ಕೋಳಿ ಅಂಕ ನೋಡಿಯೇ ಬೆಳೆದ ನಮಗೆ ಇದು ಹೊಸದೇನಲ್ಲ. ಕಾಲಿಗೆ ಕಟ್ಟುವ ಕತ್ತಿಯೂ ಅದೇ, ಸೋತ ಕೋಳಿ ಗೆದ್ದವನ ಸಾರಿಗೆ ಹೋಗುವ ನಿಯಮವೂ ಅದೇ. ವ್ಯತ್ಯಾಸ ಒಂದೇ. ನಮ್ಮಲ್ಲಿ ಪೊಲೀಸರು ಬಂದರೆ ಗುಡ್ಡ ಹತ್ತಿ ಓಡಬೇಕು, ಇಲ್ಲಿ 1974ರ ಕಾನೂನೇ ಭಾನುವಾರ ಮತ್ತು ರಜೆಯ ದಿನ ಆಡಿ ಎಂದು ಹೇಳಿದೆ. ಸುತ್ತ ಮೆಟ್ಟಿಲು, ಮಧ್ಯೆ ಗಾಜಿನ ಗೋಡೆಯ ಕಣ. 1521ರಲ್ಲಿ ಮೆಗೆಲ್ಲನ್ ಹಡಗಿನಲ್ಲಿ ಬಂದಿದ್ದ ಪಿಗಾಫೆಟ್ಟಾ, ಪಲಾವಾನ್ ದ್ವೀಪದ ಜನ ಕೋಳಿಗಳನ್ನು ಬಾಜಿ ಕಟ್ಟಿ ಕಾದಿಸುವುದನ್ನು ಬರೆದಿಟ್ಟಿದ್ದಾನೆ. ಸ್ಪೇನಿನವರು ಬರುವ ಮೊದಲೇ ಇದ್ದ ಆಟ ಇದು.

ಕೋಳಿ ಕಾಳಗಕ್ಕಿಂತ ಬಾಜಿ ಹಿಡಿಯುವವರನ್ನು ನೋಡಬೇಕು. ಅವರಿಗೆ ಕ್ರಿಸ್ತೊ ಎಂದು ಹೆಸರು, ಎರಡೂ ಕೈ ಚಾಚಿ ಶಿಲುಬೆಯ ಮೇಲಿನ ಕ್ರಿಸ್ತನ ಭಂಗಿಯಲ್ಲಿ ನಿಲ್ಲುವುದರಿಂದ. ಒಂದು ಕೋಳಿಯ ಕಡೆ ಮೆರೊನ್, ಇನ್ನೊಂದು ವಾಲಾ. ಮೆಟ್ಟಿಲುಗಳಿಂದ ಜನ ಬೆರಳು ತೋರಿಸುತ್ತಾರೆ, ಕ್ರಿಸ್ತೊ ತಲೆಯಾಡಿಸುತ್ತಾನೆ. ಚೀಟಿ ಇಲ್ಲ, ಪುಸ್ತಕ ಇಲ್ಲ. ಯಾರು ಎಷ್ಟು, ಯಾವ ಕಡೆ ಎಲ್ಲ ಅವನ ತಲೆಯಲ್ಲಿ. ಒಂದು ಕಾಳಗ ಒಂದೆರಡು ನಿಮಿಷ. ಮುಗಿದ ಕೂಡಲೇ ಸೋತವರು ನೋಟು ಮುದ್ದೆ ಮಾಡಿ ಗಾಳಿಯಲ್ಲಿ ಎಸೆಯುತ್ತಾರೆ. ಅಪರಿಚಿತರ ತಲೆಗಳ ಮೇಲಿಂದ ಹಾರಿ ಬಂದ ದುಡ್ಡು ಸರಿಯಾದ ಕೈಗೇ ಸೇರುತ್ತಿತ್ತು. ಹಿಂದಿನ ರಾತ್ರಿ ತೀರ್ಪುಗಾರರ ಅತ್ತಿಗೆಯವರೆಗೆ ಅನುಮಾನ ಪಟ್ಟವರು ಇವರೇ. ಇಲ್ಲಿ ಒಬ್ಬನೂ ಒಂದು ಪೆಸೊಗೆ ತಕರಾರು ಮಾಡಲಿಲ್ಲ.

ಮೊಬೈಲಿನಲ್ಲಿ ಬಾಜಿ 24 ತಾಸೂ ಬಂದಾಗ ಈ ನಂಬಿಕೆಯೂ ಹಳ್ಳ ಹಿಡಿಯಿತು. ಮನೆ ಮಾರಿಕೊಂಡವರು ಎಷ್ಟೋ. ಕೋಳಿ ಕಾದಿಸುವವರು 30ಕ್ಕೂ ಹೆಚ್ಚು ಮಂದಿ ನಾಪತ್ತೆಯಾದರು. 2022ರ ಮೇ ತಿಂಗಳಲ್ಲಿ ಆಗಿನ ಅಧ್ಯಕ್ಷ ಡುಟರ್ಟೆ ಮೊಬೈಲ್ ಬಾಜಿಯನ್ನು ನಿಲ್ಲಿಸಿದರು.

ರಾತ್ರಿ ಕುಯಾನ ಮನೆಯಲ್ಲಿ ಊಟ. ಹೆಂಡತಿಯ ತವರಿನವರೂ ಬಂದರು, ಗೆದ್ದ ಟೀ ಷರ್ಟ್‌ನಲ್ಲೇ. ಹಂದಿ ಮಾಂಸ, ನೂಡಲ್ಸು, ನಮಗೆ ಮೀನು. ಆಮೇಲೆ ವಿಡಿಯೊಕೆ ಮಷೀನು. ಮೈಕ್ ಹಿಡಿದು ಹಾಡಿದರೆ ಪರದೆ ಮೇಲೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತದೆ. ಹಾಡಿ ಖುಷಿಪಡುವ ಯಂತ್ರಕ್ಕೂ ಅಂಕ! ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದವರಲ್ಲಿ ರೊಬೆರ್ತೊ ದೆಲ್ ರೊಸಾರಿಯೊ ಎಂಬ ಫಿಲಿಪಿನೊ ಒಬ್ಬರು, 1980ರ ದಶಕದಲ್ಲಿ. ಒಂದು ಹಳೆಯ ಇಂಗ್ಲಿಷ್ ಹಾಡನ್ನು ಮಾತ್ರ ಯಾರೂ ಹಾಡಲಿಲ್ಲ. ಅದನ್ನು ಹಾಡುವಾಗ ಬಾರ್‌ಗಳಲ್ಲಿ ಜಗಳವಾಗಿ ಕೊಲೆಗಳೇ ನಡೆದಿವೆ, ಹಾಗಾಗಿ ಎಷ್ಟೋ ಕಡೆ ಪಟ್ಟಿಯಿಂದಲೇ ತೆಗೆದಿದ್ದಾರೆ.

ಕುಯಾನ ತಂಗಿ ಚರ್ಚಿನ ಗಾಯನ ತಂಡದವಳು, ಶ್ರುತಿ ಒಂದಿಷ್ಟೂ ತಪ್ಪದೆ ಹಾಡಿದಳು. 78 ಬಂತು. ತವರಿನ ಕಡೆಯಿಂದ ಬಂದು ಕುಡಿದಿದ್ದ ಭಾವ ಕಿರುಚಿದ. 97. ತವರಿನ ಕಡೆಯವರು ಎದ್ದು ಕುಣಿದರು. "ಮಷೀನಿಗೂ ದುಡ್ಡು ಕೊಟ್ಟಿದ್ದೀರಾ?" ಎಂದು ಕುಯಾ ಕೂಗಿದ. ತಮ್ಮ ಕನ್ನಡದಲ್ಲಿ ಒಂದು ಭಜನೆ ಹಾಡಿದ, ಟ್ಯೂನ್‌ಗೆ ಸಂಬಂಧವೇ ಇಲ್ಲ. 91. ತಂಗಿ ಮೈಕ್ ಇಟ್ಟು ಅಡುಗೆ ಮನೆಗೆ ಹೋದಳು.

ಸೋಮವಾರ, ಮನಿಲಾ ದಾರಿ

ಬೆಳಗ್ಗೆ ಬಸ್ ನಿಲ್ದಾಣಕ್ಕೆ ಬಿಟ್ಟು ಬರಲು ಕುಯಾ ಮತ್ತು ಭಾವ ಇಬ್ಬರೂ ಟ್ರೈಸಿಕಲ್‌ನಲ್ಲಿ, ಅಂದರೆ ಪಕ್ಕಕ್ಕೆ ಗಾಡಿ ಜೋಡಿಸಿದ ಬೈಕಿನಲ್ಲಿ ಬಂದರು. ಭಾವ ಇಳಿದು ಬಿಬಿಂಕಾ ಕಟ್ಟಿಸಿಕೊಂಡು ಬರಲು ಹೋದ. ಅಷ್ಟು ಹೊತ್ತು ಹವಾಮಾನದ ಬಗ್ಗೆ ಮಾತಾಡುತ್ತಿದ್ದ ಕುಯಾ ತಕ್ಷಣ ನಮ್ಮ ಕಡೆ ಬಗ್ಗಿದ. ಆ ಬರಂಗಾಯ್‌ನಲ್ಲಿ ಡ್ರಮ್ ತಿರುಗಿಸಿದ ಹುಡುಗನಿಗೆ ಈ ಕಡೆಯ ಒಬ್ಬ ಹುಡುಗಿ ಮೇಲೆ ಮನಸ್ಸಿದೆಯಂತೆ. ಮೇ ತಿಂಗಳೊಳಗೆ ಮದುವೆ ಮಾಡಿಸಿಬಿಟ್ಟರೆ, ಹುಡುಗನ ವಿಳಾಸ ಬದಲಾಗುತ್ತದೆ. ಕ್ಯಾಪ್ಟನ್ ಜೊತೆ ಮಾತಾಗಿದೆ, ಹುಡುಗಿಯ ಅಪ್ಪನನ್ನು ಒಪ್ಪಿಸುವುದೊಂದು ಬಾಕಿ.

"ಹುಡುಗಿಯನ್ನು ಕೇಳಿದ್ದೀರಾ ಕುಯಾ?" ಅಂದ ತಮ್ಮ.

"ಅವಳೇ ಹೇಳಿದ್ದು. ಮೂರು ವರ್ಷದಿಂದ ಎರಡನೇ ಸ್ಥಾನ ನೋಡಿ ಅವಳಿಗೂ ಸಾಕಾಗಿದೆ."

ಭಾವ ಪೊಟ್ಟಣ ಹಿಡಿದು ವಾಪಸ್ ಬರುತ್ತಿದ್ದ. ಕುಯಾ ಮತ್ತೆ ಹವಾಮಾನಕ್ಕೆ ಬಂದ.